ಪರದೆಯಿಂದಾಚೆ ಸರಿದರೂ ನಿಲ್ಲದ ವಿಡಿಯೊ

ಪ್ರಶ್ನೆ: ನಾನು ಬರೆಯುತ್ತಿರುವ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಐವತ್ತು ವಿಡಿಯೊಗಳ ಪಟ್ಟಿಯಿದೆ. ಪಟ್ಟಿಯ ಮೇಲಿರುವ ಚಿತ್ರ ಮತ್ತು ಪರಿಚಯವೂ ಪಟ್ಟಿಯೊಂದಿಗೇ ಸರಿಯಬೇಕೆಂದು ಪಟ್ಟಿಯನ್ನು ತೋರಿಸುವ ರಿಸೈಕ್ಲರ್‌ವ್ಯೂವನ್ನು, ಒಳಗಿರುವುದನ್ನೆಲ್ಲ ಒಟ್ಟಾಗಿ ಸರಿಸುವ ನೆಸ್ಟೆಡ್‌ಸ್ಕ್ರೋಲ್‌ವ್ಯೂ ಒಳಗೆ ಇಟ್ಟಿದ್ದೇನೆ (ವ್ಯೂ ಎಂದರೆ ಪರದೆಯ ಮೇಲಿನ ಒಂದು ಭಾಗ). ಓಡುತ್ತಿರುವ ವಿಡಿಯೊ ಪರದೆಯಿಂದಾಚೆ ಹೋದೊಡನೆ ನಿಲ್ಲಬೇಕೆಂದು, ಪಟ್ಟಿಯು ಸಾಲನ್ನು ಕಳಚಿದಾಗ ಕರೆ ಬರುವ ಆನ್‌ವ್ಯೂಡಿಟ್ಯಾಚ್ಡ್‌ಫ್ರಮ್‌ವಿಂಡೋ ಮೆಥಡ್‌ನಲ್ಲಿ ಕೋಡ್ ಬರೆದೆ. ಸ್ಕ್ರೋಲ್ ಮಾಡಿದಾಗ ಆ ಮೆಥಡ್‌ಗೆ ಕರೆಯೇ ಬರುವುದಿಲ್ಲ. ವಿಡಿಯೊ ಮರೆಯಾದರೂ ಧ್ವನಿ ಕೇಳುತ್ತಲೇ ಇರುತ್ತದೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ, ಅದು ಕಾಯುತ್ತಿರುವ ಘಟನೆ ನಿಮ್ಮ ವಿನ್ಯಾಸದಲ್ಲಿ ನಡೆಯುವುದೇ ಇಲ್ಲ. ನೆಸ್ಟೆಡ್‌ಸ್ಕ್ರೋಲ್‌ವ್ಯೂ ತನ್ನೊಳಗಿನ ಮಗುವಿಗೆ ಎತ್ತರದ ಮಿತಿಯನ್ನು ಹೇರುವುದಿಲ್ಲವಾದ್ದರಿಂದ, ಎತ್ತರವನ್ನು ರ‍್ಯಾಪ್‌ಕಂಟೆಂಟ್ (ಒಳಗಿರುವುದು ಹಿಡಿಯುವಷ್ಟು) ಎಂದು ಬರೆದ ರಿಸೈಕ್ಲರ್‌ವ್ಯೂ ತನ್ನ ಎಲ್ಲ ಸಾಲುಗಳೂ ಹಿಡಿಯುವಷ್ಟು ಉದ್ದಕ್ಕೆ ಬೆಳೆಯುತ್ತದೆ. ಒಂದು ಸಾಲು 600 ಪಿಕ್ಸೆಲ್ ಎತ್ತರವಿದ್ದರೆ ಐವತ್ತು ಸಾಲುಗಳಿಗೆ 30,000 ಪಿಕ್ಸೆಲ್! ಅಷ್ಟುದ್ದದ ಪಟ್ಟಿಯ ದೃಷ್ಟಿಯಲ್ಲಿ ಯಾವ ಸಾಲೂ ಆಚೆ ಹೋಗಿಲ್ಲ, ಆದ್ದರಿಂದ ಅದು ಯಾವುದನ್ನೂ ಕಳಚುವುದಿಲ್ಲ. ಕಾಣುತ್ತಿರುವ ಮೊದಲ ಸಾಲು ಯಾವುದೆಂದು ಫೈಂಡ್‌ಫಸ್ಟ್‌ವಿಸಿಬಲ್‌ಐಟಂಪೊಸಿಷನ್ ಮೂಲಕ ಕೇಳಿದರೂ ಸದಾ ಸೊನ್ನೆ ಎಂಬ ಉತ್ತರವೇ ಬರುತ್ತದೆ. ಸಾಲನ್ನು ನಿಜಕ್ಕೂ ಕತ್ತರಿಸುತ್ತಿರುವುದು ಹೊರಗಿನ ಸ್ಕ್ರೋಲ್‌ವ್ಯೂ. ‘ಆಚೆ ಹೋಯಿತೇ’ ಎಂದು ಕೇಳುವ ಮೊದಲು ‘ಯಾವುದರಿಂದ ಆಚೆ’ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಕೋಡ್‌ನಲ್ಲಿ ತಂದೆಯಾಗಿರುವ ವ್ಯೂ ಬೇರೆ, ಕಣ್ಣಿಗೆ ಅಂಚಾಗಿ ಕಾಣುವ ವ್ಯೂ ಬೇರೆ ಆಗಿರಬಹುದು.

ನನ್ನ ಸಲಹೆ ಕೇಳಿದರೆ, ಈ ಜೋಡಣೆಯನ್ನೇ ಬಿಡಿ. ರಿಸೈಕ್ಲರ್‌ವ್ಯೂವಿನ 1.2.0 ಆವೃತ್ತಿಯಿಂದ ಕಾನ್‌ಕ್ಯಾಟ್‌ಅಡಾಪ್ಟರ್ ಲಭ್ಯವಿದ್ದು, ಮೇಲಿನ ಚಿತ್ರ ಮತ್ತು ಪರಿಚಯವನ್ನು ಒಂದು ಅಡಾಪ್ಟರ್ (ಪಟ್ಟಿಗೆ ಸಾಲುಗಳನ್ನು ಒದಗಿಸುವ ಭಾಗ) ಆಗಿಯೂ ವಿಡಿಯೊಗಳನ್ನು ಇನ್ನೊಂದಾಗಿಯೂ ಸೇರಿಸಿ ಒಂದೇ ಪಟ್ಟಿ ಮಾಡಬಹುದು. ಆಗ ಪಟ್ಟಿಯೇ ಸ್ಕ್ರೋಲ್ ಆಗುತ್ತದೆ, ಆಚೆ ಹೋದ ಸಾಲುಗಳು ಕಳಚಿಕೊಳ್ಳುತ್ತವೆ, ಐವತ್ತು ಸಾಲುಗಳನ್ನೂ ಒಮ್ಮೆಗೇ ಕಟ್ಟುವ ಮೆಮೊರಿಯ ಹೊರೆಯೂ ತಪ್ಪುತ್ತದೆ.

ವಿನ್ಯಾಸವನ್ನು ಬದಲಿಸುವ ಸ್ಥಿತಿಯಲ್ಲಿ ನೀವಿಲ್ಲದಿದ್ದರೆ, ಹೊರಗಿನ ಸ್ಕ್ರೋಲ್‌ವ್ಯೂವಿಗೆ, ಅದು ಸರಿದಾಗಲೆಲ್ಲ ಕರೆ ಬರುವ ಸ್ಕ್ರೋಲ್ ಲಿಸನರ್ ಜೋಡಿಸಿ, ಓಡುತ್ತಿರುವ ವಿಡಿಯೊದ ವ್ಯೂ ಒಂದರ ಮೇಲೆ ಮಾತ್ರ ಗೆಟ್‌ಗ್ಲೋಬಲ್‌ವಿಸಿಬಲ್‌ರೆಕ್ಟ್ ಕರೆಯಿರಿ. ಅದು ಮೇಲಿನ ಎಲ್ಲ ಹಿರಿಯ ವ್ಯೂಗಳ ಕತ್ತರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಉಳಿದ ಭಾಗದ ಆಯತವನ್ನು ನೀವು ಕೊಟ್ಟ ರೆಕ್ಟ್‌ನಲ್ಲಿ ತುಂಬುತ್ತದೆ. ಅನೇಕರು ಎಡವುವುದು ಇಲ್ಲಿಯೇ: ಏನೂ ಉಳಿಯದಿದ್ದಾಗ ಮೆಥಡ್ ಫಾಲ್ಸ್ ಎಂದು ಹಿಂತಿರುಗಿಸುತ್ತದೆ, ಆಗ ರೆಕ್ಟ್‌ನಲ್ಲಿರುವ ಅಂಕಿಗಳನ್ನು ನಂಬಬಾರದು. ಹಿಂತಿರುಗಿದ ಮೌಲ್ಯವನ್ನು ನೋಡದೆ ಆಯತದ ಎತ್ತರವನ್ನಷ್ಟೇ ಅಳೆದರೆ ಕಣ್ಮರೆಯಾದ ವಿಡಿಯೊ ಕೂಡ ಕಾಣುತ್ತಿದೆ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ.

ಟ್ರೂ ಎಂದು ಬಂದರೆ ಭಾಗಾಕಾರ ಸುಲಭ. 600 ಪಿಕ್ಸೆಲ್ ಎತ್ತರದ ವಿಡಿಯೊದಲ್ಲಿ 150 ಉಳಿದಿದ್ದರೆ ಶೇ 25 ಕಾಣುತ್ತಿದೆ ಎಂದರ್ಥ. ಎಲ್ಲಿ ನಿಲ್ಲಿಸಬೇಕೆಂಬುದು ನಿಮ್ಮ ಆಯ್ಕೆ; ಜಾಹೀರಾತು ಎಣಿಕೆಗೆ ಅಮೆರಿಕದ ಮಾನದಂಡ ಸಂಸ್ಥೆ ಮೀಡಿಯಾ ರೇಟಿಂಗ್ ಕೌನ್ಸಿಲ್ ಇಟ್ಟಿರುವ ಅಳತೆಯಲ್ಲಿ ವಿಡಿಯೊ ಜಾಹೀರಾತಿನ ಕನಿಷ್ಠ ಅರ್ಧ ಭಾಗವು ಸತತ 2 ಸೆಕೆಂಡು ಕಂಡಿರಬೇಕು. ಆದರೆ ಓಡಿಸಲು ಮತ್ತು ನಿಲ್ಲಿಸಲು ಒಂದೇ ಗಡಿಯನ್ನು ಇಡಬೇಡಿ. ಗಡಿಯ ಮೇಲೆಯೇ ಬೆರಳು ತುಸು ಅಲುಗಿದರೆ ವಿಡಿಯೊ ನಿಂತು ಓಡಿ, ಓಡಿ ನಿಂತು ತೊದಲುತ್ತದೆ. ಶೇ 50 ದಾಟಿದಾಗ ಓಡಲಿ, ಶೇ 30ಕ್ಕಿಂತ ಇಳಿದಾಗ ನಿಲ್ಲಲಿ.

ಈ ಮೆಥಡ್‌ಗೆ ಕಾಣದ ಸಂಗತಿಗಳೂ ಇವೆ. ಪಟ್ಟಿಯ ಮೇಲೆ ತೇಲುವ ಕೆಳಪಟ್ಟಿಯೊಂದು ವಿಡಿಯೊವನ್ನು ಮುಚ್ಚಿದ್ದರೆ ಅದು ಮುಚ್ಚಿದೆಯೆಂದು ಇದಕ್ಕೆ ತಿಳಿಯದು. ಆ ಎತ್ತರವನ್ನು ನೀವೇ ಕಳೆಯಬೇಕು. ಬಳಕೆದಾರರು ಬೇರೆ ಆ್ಯಪ್‌ಗೆ ಹೋದಾಗ ಸ್ಕ್ರೋಲ್ ಲಿಸನರ್‌ಗೆ ಕರೆ ಬರುವುದಿಲ್ಲ, ಆದ್ದರಿಂದ ಆ್ಯಪ್ ಹಿಂದೆ ಸರಿಯುವಾಗ ಕರೆ ಬರುವ ಆನ್‌ಪಾಸ್‌ನಲ್ಲಿಯೂ ವಿಡಿಯೊವನ್ನು ನಿಲ್ಲಿಸಿ.

ಪ್ರಶ್ನೆ: ಐಫೋನ್ ಆ್ಯಪ್‌ನಲ್ಲಿ ಬೆರಳಿನಿಂದ ಎಳೆಯಬಹುದಾದ ಬಟನ್ ಒಂದಿದೆ. ಅದನ್ನು ಚೌಕಟ್ಟಿನ ಆಚೆಗೆ ಎಳೆದು ಬಿಟ್ಟರೆ ಕಾಣುತ್ತದೆ, ಒತ್ತಿದರೆ ಮಾತ್ರ ಸ್ಪಂದಿಸುವುದಿಲ್ಲ. ಆಚೆ ಹೋದದ್ದನ್ನು ತಿಳಿಯುವುದು ಹೇಗೆ?

ಉತ್ತರ: ಐಫೋನ್‌ನ ವ್ಯೂ ಆದ ಯುಐವ್ಯೂನಲ್ಲಿ, ಅಂಚಿನಾಚೆ ಹೋದದ್ದನ್ನು ಕತ್ತರಿಸುವ ಕ್ಲಿಪ್ಸ್‌ಟುಬೌಂಡ್ಸ್ ಮೊದಲಿನಿಂದ ಫಾಲ್ಸ್ ಆಗಿರುವುದರಿಂದ ಆಚೆ ಹೋದ ಬಟನ್ ಚಿತ್ರವಾಗಿ ಉಳಿಯುತ್ತದೆ. ಸ್ಪರ್ಶವನ್ನು ಹುಡುಕುವ ಹಿಟ್‌ಟೆಸ್ಟ್ ಮಾತ್ರ ಚೌಕಟ್ಟಿನ ಹೊರಗಿನ ಬಿಂದುವನ್ನು ಕಂಡೊಡನೆ ಒಳಗಿರುವ ಯಾರನ್ನೂ ವಿಚಾರಿಸದೆ ಹಿಂದಿರುಗುತ್ತದೆ. ಎಳೆತದ ಪ್ರತಿ ಹಂತದಲ್ಲಿ ಬಟನ್‌ನ ಬೌಂಡ್ಸ್ (ಅದರ ಸ್ವಂತ ಅಳತೆಯ ಆಯತ) ಅನ್ನು ಕನ್ವರ್ಟ್ ಮೂಲಕ ಚೌಕಟ್ಟಿನ ಅಳತೆಗೆ ತಂದು, ಚೌಕಟ್ಟಿನ ಬೌಂಡ್ಸ್ ಅದನ್ನು ಪೂರ್ತಿ ಒಳಗೊಂಡಿದೆಯೇ ಎಂದು ಕಂಟೇನ್ಸ್‌ನಿಂದ ಪರೀಕ್ಷಿಸಿ. ಇದರ ಬದಲು ಫ್ರೇಮ್ (ಹೊರಗಿನ ವ್ಯೂವಿನ ಅಳತೆಯಲ್ಲಿ ಬಟನ್‌ನ ಆಯತ) ಬಳಸಿದರೆ ಸಾಲದೇ ಎನಿಸಬಹುದು. ಬಟನ್‌ಗೆ ತಿರುಗಿಸುವ ಟ್ರಾನ್ಸ್‌ಫಾರ್ಮ್ ಹಾಕಿದ್ದರೆ ಫ್ರೇಮ್‌ನ ಮೌಲ್ಯವನ್ನು ಬಳಸಬಾರದೆಂದು ಆ್ಯಪಲ್‌ನ ದಾಖಲೆಯೇ ಹೇಳುತ್ತದೆ. 100 ಪಾಯಿಂಟ್‌ಗಳ ಚೌಕ ಬಟನ್ 45 ಡಿಗ್ರಿ ತಿರುಗಿದರೆ ಕನ್ವರ್ಟ್ ಕೊಡುವ, ಅದನ್ನು ಸುತ್ತುವರಿಯುವ ಆಯತದ ಬದಿ ಸುಮಾರು 141 ಪಾಯಿಂಟ್ ಆಗುತ್ತದೆ. ಕಂಟೇನ್ಸ್‌ಗೆ ಇದರಿಂದ ತೊಂದರೆಯಿಲ್ಲ. ಪೂರ್ತಿ ಆಚೆ ಹೋಯಿತೇ ಎಂದು ಇಂಟರ್‌ಸೆಕ್ಟ್ಸ್‌ನಿಂದ ನೋಡುವಾಗ ಮಾತ್ರ, ಆಯತದ ಖಾಲಿ ಮೂಲೆಯೊಂದು ಚೌಕಟ್ಟನ್ನು ಅತಿಕ್ರಮಿಸಿದ್ದರೂ ಬಟನ್ ಇನ್ನೂ ಒಳಗಿದೆ ಎಂಬ ಉತ್ತರ ಬರಬಹುದು.