ಅಮ್ಮನ ಜೊತೆ ರೋಮ್: ಗ್ರೂಪ್ ಟೂರ್ ಸೇರೋದಾ, ನಾವೇ ಹೋಗೋದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಎರಡು ವರ್ಷದ ಹಿಂದೆ ನಾನೂ ಕಂಡಕಂಡವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಅರವತ್ತು ದಾಟಿದ ನಿಮ್ಮ ಅಮ್ಮ, ಮೊಟ್ಟೆಯನ್ನೂ ಮುಟ್ಟದವರು. ಕೈಯಲ್ಲಿರೋದು ಏಳು ದಿನ ರೋಮ್ ಒಂದನ್ನೇ ತೋರಿಸುವ ಗ್ರೂಪ್ ಟೂರಿನ ಹಾಳೆ. ಬೆಳಗ್ಗೆ ಹಳೇ ಕಟ್ಟಡ, ಸಂಜೆ ಅಲ್ಲಿನ ಊಟ. ಅಮ್ಮ ಉಪವಾಸ ಬೀಳ್ತಾರಾ, ಏಳು ದಿನ ಒಂದೇ ಊರಲ್ಲಿ ಬೇಜಾರಾಗಲ್ವಾ, ಗೈಡ್‌ಗೆ ಕೊಡುವ ದುಡ್ಡು ದಂಡವಾ, ಮನೆಯಿಂದ ಚಟ್ನಿಪುಡಿ ಒಯ್ಯಬೇಕಾ ಅಂತೆಲ್ಲ ಕೇಳಿದ್ದೀರಿ.

ಗ್ರೂಪ್‌ನಲ್ಲೇ ಹೋಗಿ. ಆದರೆ ಗುಂಪು ಸಣ್ಣದಿರಲಿ, ಗೈಡ್ ಆ ಊರಿನವರೇ ಆಗಿರಲಿ, ರಾತ್ರಿ ಊಟ ಎಲ್ಲವನ್ನೂ ಅವರ ಕೈಗೆ ಕೊಡಬೇಡಿ.

ನಾವು ಹೋಗಿದ್ದು ಏಪ್ರಿಲ್‌ನಲ್ಲಿ. ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ಗುಂಪಿನಲ್ಲಿ ಒಟ್ಟು 14 ಜನ. ಅದಕ್ಕೂ ಮೊದಲು ನಮ್ಮ ಭಾವ ಹತ್ತು ದಿನದಲ್ಲಿ ಆರು ದೇಶ ನೋಡಿ ಬಂದಿದ್ದರು. ರೋಮ್‌ನಲ್ಲಿ ಏನು ನೋಡಿದ್ರಿ ಭಾವ ಅಂದರೆ, 'ಕೊಲೋಸಿಯಂ, ಹೊರಗಡೆಯಿಂದ' ಅಂದರು. ಆ 'ಹೊರಗಡೆಯಿಂದ' ಕೇಳಿದ ಮೇಲೆಯೇ ನಾವು ಒಂದೇ ಊರಿನ ಟೂರ್ ಹುಡುಕಿದ್ದು.

ಗೈಡ್ ಯಾಕೆ ಬೇಕು ಅಂತ ಹೇಳ್ತೀನಿ. ಕೊಲೋಸಿಯಂ ಅನ್ನೋ ಹಳೇ ರೋಮನ್ ಬಯಲು ರಂಗಮಂದಿರದ ಗೋಡೆಯ ತುಂಬ ತೂತುಗಳಿವೆ. ಗುಂಡು ಹೊಡೆದ ಹಾಗೆ ಕಾಣುತ್ತದೆ. ನಾನು ಯುದ್ಧದಲ್ಲಿ ಆಗಿದ್ದಿರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. ಕಲ್ಲಿಗೆ ಕಲ್ಲು ಬಿಗಿಯಲು ಒಳಗೆ ಕಬ್ಬಿಣದ ಕೊಂಡಿ ಹಾಕಿದ್ದರು. ಆಮೇಲಿನ ಕಾಲದಲ್ಲಿ ಜನ ಆ ಕಬ್ಬಿಣಕ್ಕಾಗಿ ಕಲ್ಲು ಕೊರೆದು ಕಿತ್ತುಕೊಂಡು ಹೋದರು. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಕಟ್ಟಡ, ಸುಮಾರು 50 ಸಾವಿರ ಜನ ಕೂರುವಂಥದ್ದು. ಅಷ್ಟು ಜನ ನೂಕುನುಗ್ಗಲಿಲ್ಲದೆ ಒಳಗೆ ಹೋಗಲಿ ಅಂತ ಸುತ್ತಲೂ 80 ಕಮಾನು, ಬಾಗಿಲುಗಳಿಗೆ ನಂಬರ್. ಕೆಲವು ಕಮಾನಿನ ಮೇಲೆ ಆ ನಂಬರ್ ಇವತ್ತಿಗೂ ಓದಬಹುದು. ಗೈಡ್ ಬೆರಳು ಮಾಡಿ ತೋರಿಸದಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಪಕ್ಕದ ಫೋರಂ, ಅಂದರೆ ಹಳೇ ರೋಮ್‌ನ ಊರ ನಡುವಿನ ಚೌಕ, ಇನ್ನೂ ಕಷ್ಟ. ಅಲ್ಲಿರೋದು ಅರ್ಧ ಕಂಬ, ಕಾಲು ಗೋಡೆ, ಬರೀ ಕಲ್ಲು. ಹಂಪಿಯಲ್ಲಿ ಯಾರೂ ಏನೂ ಹೇಳದೆ ಬಿಸಿಲಲ್ಲಿ ಸುತ್ತಿದರೆ ಹೇಗಿರುತ್ತೋ ಹಾಗೆ. ನಮ್ಮ ಗೈಡ್ ಮೂವತ್ತರ ಹತ್ತಿರದ ಹುಡುಗಿ. ಮ್ಯಾಕ್ಸೆಂಟಿಯಸ್ ಬಸಿಲಿಕಾ ಅಂತ ಮೂರು ದೊಡ್ಡ ಕಮಾನು ಉಳಿದಿರುವ ಕಟ್ಟಡದ ಎದುರು ನಿಂತು, ಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಪ್ರತಿಯೊಬ್ಬರ ಅಂಗೈಗೆ ಒಂದೊಂದು ಕಾಳುಮೆಣಸು ಹಾಕಿದಳು. 'ನೀವು ನಿಂತಿರುವ ಈ ಜಾಗದಲ್ಲಿ ಡೊಮಿಷಿಯನ್ ಚಕ್ರವರ್ತಿ ಮೆಣಸಿನ ಉಗ್ರಾಣ ಕಟ್ಟಿಸಿದ್ದ. ಈ ಕಟ್ಟಡ ಅದರ ಮೇಲೆ ಬಂದಿದ್ದು. ಮೆಣಸು ಎಲ್ಲಿಂದ ಬರುತ್ತಿತ್ತು ಹೇಳಿ?'

ನಮ್ಮ ಅತ್ತೆ ಶಿರಸಿ ಕಡೆಯವರು. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡುತ್ತಲೇ ಬೆಳೆದವರು. ಕಾಳು ಬಾಯಿಗೆ ಹಾಕಿ ಕಚ್ಚಿ, 'ಹಳೇ ಸ್ಟಾಕು' ಅಂದರು. ನಾನು ಇಂಗ್ಲಿಷ್‌ನಲ್ಲಿ ಹೇಳಿದೆ. ಇಡೀ ಗುಂಪು ನಕ್ಕಿತು.

ಆಮೇಲೆ ಅವಳು ಹೇಳಿದ ಕಥೆ ನಿಜಕ್ಕೂ ದೊಡ್ಡದು. ನಮ್ಮ ಪಶ್ಚಿಮ ಘಟ್ಟದ ಮೆಣಸು ಹಡಗು ಹತ್ತಿ, ಹಿಂಗಾರು ಗಾಳಿಯ ಲೆಕ್ಕದಲ್ಲಿ ಸಮುದ್ರ ದಾಟಿ, ಕೆಂಪು ಸಮುದ್ರದ ಬಂದರಿನಲ್ಲಿ ಇಳಿದು, ಒಂಟೆ ಮೇಲೆ ನೈಲ್ ನದಿಗೆ, ಅಲ್ಲಿಂದ ಅಲೆಕ್ಸಾಂಡ್ರಿಯಾಗೆ, ಕೊನೆಗೆ ಇಲ್ಲಿಗೆ ಬರುತ್ತಿತ್ತು. ಈಜಿಪ್ಟಿನ ಬೆರೆನಿಕೆ ಬಂದರನ್ನು ಅಗೆದಾಗ ಒಂದು ಗುಡಿಯಲ್ಲಿ ಏಳೂವರೆ ಕಿಲೋ ಕಾಳುಮೆಣಸು ಸಿಕ್ಕಿದೆ. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹರಿದುಹೋಗುತ್ತಿದೆ ಅಂತ ಆ ಕಾಲದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. 408ರಲ್ಲಿ ಗಾತ್ ಜನರ ದೊರೆ ಅಲಾರಿಕ್ ರೋಮ್‌ಗೆ ಮುತ್ತಿಗೆ ಹಾಕಿ ಬಿಡುಗಡೆಗೆ ಕೇಳಿದ್ದರಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3,000 ಪೌಂಡ್ ಮೆಣಸೂ ಇತ್ತು. ಅತ್ತೆಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರೆ ಅವರು ಆ ಕಮಾನುಗಳನ್ನು ನೋಡುವ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಕಾಲು ನೋವು ಅನ್ನುತ್ತಿದ್ದವರು ಎದ್ದು ಹತ್ತಿರ ಹೋಗಿ ನೋಡಿ ಬಂದರು.

ಅವತ್ತು ರಾತ್ರಿ ಗೈಡ್ ನಮ್ಮನ್ನು ಕರೆದುಕೊಂಡು ಹೋಗಿದ್ದು ಕಾಚೋ ಎ ಪೇಪೆ ತಿನ್ನಿಸಲು. ಚೀಸ್ ಮತ್ತು ಕಾಳುಮೆಣಸಿನ ಪಾಸ್ತಾ, ಅಷ್ಟೇ. ಬೆಣ್ಣೆ ಇಲ್ಲ, ಕ್ರೀಮ್ ಇಲ್ಲ. ಪಾಸ್ತಾ ಬೇಯಿಸಿದ ನೀರಿನಲ್ಲೇ ಚೀಸ್ ಕದಡಿ ಗೊಜ್ಜಿನ ಹಾಗೆ ಮಾಡುತ್ತಾರೆ. ಮಧ್ಯಾಹ್ನ ಉಗ್ರಾಣ ನೋಡಿ ರಾತ್ರಿ ಅದೇ ಮೆಣಸು ತಟ್ಟೆಯಲ್ಲಿ! ಕಟ್ಟಡವನ್ನೂ ಊಟವನ್ನೂ ಹೀಗೆ ಹೊಸೆಯುವ ಗೈಡ್ ಸಿಕ್ಕರೆ ಏಳು ದಿನ ಸಾಲಲ್ಲ. ಬುಕ್ ಮಾಡುವ ಮೊದಲು ಟೂರಿನವರನ್ನು ಕೇಳಿ: ಊಟದ ಹೊತ್ತಿಗೆ ಗೈಡ್ ಜೊತೆಗಿರ್ತಾರಾ, ಇಲ್ಲ ಹೋಟೆಲ್ ಬಾಗಿಲಲ್ಲಿ ಬಿಟ್ಟು ಹೋಗ್ತಾರಾ?

ಈಗ ಅಮ್ಮನ ಊಟ. ಇಲ್ಲಿ ಸ್ವಲ್ಪ ಹುಷಾರು. ಮೇಲೆ ಹೇಳಿದ ಪಾಸ್ತಾವನ್ನು ಅತ್ತೆ ತಿನ್ನಲಿಲ್ಲ. ಅದಕ್ಕೆ ಹಾಕುವ ಪೆಕೊರಿನೊ ರೊಮಾನೊ ಚೀಸ್ ಕುರಿ ಹಾಲಿನದ್ದು. ಹಾಲು ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಪಾರ್ಮೆಸಾನ್ ಕಥೆಯೂ ಅಷ್ಟೇ, ಅದಕ್ಕೆ ಕರುವಿನದ್ದು. ತುಂಬಾ ಜನ ಸಸ್ಯಾಹಾರಿಗಳು ಗೊತ್ತಿಲ್ಲದೆ ತಿನ್ನುತ್ತಾರೆ. ನಿಮ್ಮ ಅಮ್ಮನಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಹೇಳಿದೆ, ಅವರು ಬೇಡ ಅಂದರು. ಇನ್ನೊಂದು, ತಾಜಾ ಪಾಸ್ತಾ ಅಂದರೆ ಸಾಮಾನ್ಯವಾಗಿ ಮೊಟ್ಟೆ ಹಾಕಿ ನಾದಿದ್ದು. ಒಣ ಸ್ಪಗೆಟ್ಟಿ, ಪೆನ್ನೆಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರಲ್ಲ. ರೋಮ್‌ನ ಹೆಸರಾಂತ ಉಳಿದ ಮೂರು ಪಾಸ್ತಾ, ಕಾರ್ಬೊನಾರಾ, ಅಮಾತ್ರಿಚಾನಾ, ಗ್ರಿಚಾ, ಮೂರರಲ್ಲೂ ಹಂದಿ ಕೆನ್ನೆಯ ಮಾಂಸ ಇದೆ. ಅತ್ತ ನೋಡಲೇಬೇಡಿ.

ನಮಗಾದ ಫಜೀತಿ ಕೇಳಿ. ಎರಡನೇ ರಾತ್ರಿ ಟೂರಿನವರೇ ಗೊತ್ತು ಮಾಡಿದ್ದ ಊಟ. ಹೂವಿನ ಬಜ್ಜಿ ಬಂತು. ಅತ್ತೆಗೆ ಖುಷಿಯೋ ಖುಷಿ, 'ನಾವೂ ಕುಂಬಳ ಹೂವಿನ ಬಜ್ಜಿ ಮಾಡ್ತೇವಲ್ಲೇ' ಅಂತ. ಒಂದು ಕಚ್ಚಿದರು. ಮುಖ ಕಿವುಚಿದರು. ಒಳಗೆ ಚೀಸ್ ಜೊತೆ ಆಂಚೊವಿ ಅನ್ನುವ ಉಪ್ಪು ಮೀನು. ರೋಮ್‌ನಲ್ಲಿ ಆ ಬಜ್ಜಿ ಮಾಡೋದೇ ಹಾಗಂತೆ. ನಾಲ್ಕು ತಿಂಗಳ ಮೊದಲೇ ಫಾರಂನಲ್ಲಿ ಸಸ್ಯಾಹಾರಿ ಅಂತ ಬರೆದು ಕೊಟ್ಟಿದ್ದೆವು. ಟೂರಿನವರು ಅದನ್ನು ಹೋಟೆಲ್‌ಗೆ ದಾಟಿಸಿಯೇ ಇರಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದು ಬ್ರೆಡ್ ತಿಂದು ಮಲಗಿದರು. ನನಗೆ ಮಾತ್ರ ರಾತ್ರಿಯಿಡೀ ಹೊಟ್ಟೆ ಉರಿಯಿತು.

ಮರುದಿನ ಗೈಡ್ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡೆ. 'ಸೆನ್ಜಾ ಕಾರ್ನೆ, ಸೆನ್ಜಾ ಪೇಶೆ, ಸೆನ್ಜಾ ಉವೋವಾ, ಸೆನ್ಜಾ ಫೊರ್ಮಾಜ್ಜೊ'. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಚೀಸ್ ಬೇಡ. ಸಸ್ಯಾಹಾರಿ ಅಂತ ಒಂದೇ ಪದ ಹೇಳಿದರೆ ಸಾಲಲ್ಲ, ನಾಲ್ಕನ್ನೂ ಹೇಳಬೇಕು. ಆಮೇಲೆ ತೊಂದರೆಯಾಗಲಿಲ್ಲ. ಪಿಜ್ಜಾ ಮರಿನಾರಾಗೆ ಚೀಸೇ ಇಲ್ಲ, ಬರೀ ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ. ಪೆನ್ನೆ ಅರ್ರಾಬ್ಯಾತಾ ಅಂದರೆ ಸಿಟ್ಟಿನ ಪೆನ್ನೆ, ಕೆಂಪು ಮೆಣಸಿನಕಾಯಿ ಹಾಕಿದ್ದು. ಮೇಲೆ ಚೀಸ್ ಉದುರಿಸಬೇಡಿ ಅಂತ ಹೇಳಬೇಕು. ಚಿಕೋರಿಯಾ ಅಂತ ಕಹಿ ಸೊಪ್ಪನ್ನು ಬೆಳ್ಳುಳ್ಳಿ, ಮೆಣಸಿನಕಾಯಿ ಜೊತೆ ಬಾಡಿಸಿ ಕೊಡುತ್ತಾರೆ. ಅತ್ತೆ ಅದನ್ನು ನೋಡಿ 'ಪಲ್ಯ ಸಿಕ್ತು' ಅಂದರು.

ಆದರೆ ಅವರು ಇವತ್ತಿಗೂ ನೆನೆಸಿಕೊಳ್ಳೋದು ಯಹೂದಿ ಕೇರಿಯ ಆರ್ಟಿಚೋಕ್. 1555ರಲ್ಲಿ ಪೋಪ್ ನಾಲ್ಕನೇ ಪಾಲ್ ಯಹೂದಿಗಳನ್ನೆಲ್ಲ ನದಿ ದಂಡೆಯ ಒಂದು ಕೇರಿಗೆ ದೂಡಿ ಗೋಡೆ ಕಟ್ಟಿಸಿದ. ರಾತ್ರಿ ಬಾಗಿಲು ಹಾಕುತ್ತಿದ್ದರು. ಮುನ್ನೂರು ವರ್ಷದ ಆಸುಪಾಸು ಅಲ್ಲೇ ಬದುಕಿದ ಜನರ ಅಡುಗೆ ಅದು. ದೊಡ್ಡ ಮೊಗ್ಗಿನಂಥ ತರಕಾರಿಯನ್ನು ಎರಡು ಸಲ ಎಣ್ಣೆಯಲ್ಲಿ ಕರಿಯುತ್ತಾರೆ. ಎರಡನೇ ಸಲ ಅದು ಅರಳಿಕೊಂಡು ಕಂಚಿನ ಬಣ್ಣದ ಸೇವಂತಿಗೆ ಹಾಗಾಗುತ್ತದೆ. ಹೊರಗಿನ ಎಸಳು ಹಪ್ಪಳದ ಹಾಗೆ ಕರುಮ್ ಅನ್ನುತ್ತದೆ, ನಡುವೆ ಬೆಣ್ಣೆಯಷ್ಟು ಮೆತ್ತಗೆ. ಚಳಿಗಾಲದ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯದು ಸಿಗುತ್ತದೆ. ಹಾಗಾಗಿ ನಿಮಗೂ ಏಪ್ರಿಲ್ ಹೇಳ್ತೀನಿ. ಆಗಸ್ಟ್ ಅಂತೂ ಬೇಡ. ಬಿಸಿಲಿನ ಜೊತೆಗೆ ಎಷ್ಟೋ ಊಟದ ಹೋಟೆಲ್‌ಗಳು ರಜೆ ಹಾಕಿಕೊಂಡು ಹೋಗಿರುತ್ತವೆ.

ಅಂದ ಹಾಗೆ ಅಲ್ಲಿ 'ಬಾರ್' ಅಂತ ಬೋರ್ಡ್ ಇದ್ದರೆ ಹೆದರಬೇಡಿ. ಮೊದಲ ದಿನ ಬೆಳಗ್ಗೆ ಎಂಟಕ್ಕೆ ಗೈಡ್ ಬಾರ್‌ಗೆ ಹೋಗೋಣ ಅಂದಾಗ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಅದು ಕಾಫಿ ಅಂಗಡಿ. ನಮ್ಮ ದರ್ಶಿನಿ ಹಾಗೆ ನಿಂತು ಕುಡಿದು ಹೋಗೋದು. ಕೂತರೆ ಜಾಸ್ತಿ ದುಡ್ಡು.

ಕಾಲಿನ ವಿಷಯ ಹೇಳಲೇಬೇಕು. ದೊಡ್ಡ ಟೂರಿಸ್ಟ್ ಬಸ್ಸನ್ನು ಊರಿನ ನಡುವೆ ಬಿಡಲ್ಲ. ನಡೆಯಲೇಬೇಕು. ಹಳೇ ಬೀದಿಗಳ ತುಂಬ ಸಣ್ಣ ಕರಿಕಲ್ಲು, ಉಬ್ಬುತಗ್ಗು. ಹೊಸ ಚಪ್ಪಲಿ ಬೇಡ, ಹಳೇ ಶೂ ಒಳ್ಳೆಯದು. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ದಣಿವಾಯ್ತು ಅಂತ ಕೂರಬೇಡಿ, 2019ರಿಂದ ದಂಡ ಹಾಕುತ್ತಾರೆ. ನೀರಿನ ಬಾಟಲಿ ಮಾತ್ರ ಇರಲಿ. ಊರ ತುಂಬ ಮೂಗಿನಂಥ ನಲ್ಲಿಗಳಿವೆ, ನಸೋನಿ ಅಂತಾರೆ, ಸುಮಾರು 2,500. ಹಗಲೂ ರಾತ್ರಿ ತಣ್ಣನೆ ಕುಡಿಯುವ ನೀರು. ಕೆಳಗಿನ ತೂತನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ಕಾರಂಜಿಯ ಹಾಗೆ ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು. ಅತ್ತೆ ಎರಡೇ ದಿನದಲ್ಲಿ ಇದರಲ್ಲಿ ಪಳಗಿ, ಅಮೆರಿಕದ ದಂಪತಿಗೂ ಕಲಿಸಿದರು.

ವ್ಯಾಟಿಕನ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹೇಳೋದಿಷ್ಟೇ: ಭಾನುವಾರ ಮ್ಯೂಸಿಯಂ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಬಿಟ್ಟಿ, ಆದರೆ ಅವತ್ತು ಜಾತ್ರೆ. ಸೇಂಟ್ ಪೀಟರ್ಸ್ ಚರ್ಚಿನ ಒಳಗೆ ಭುಜ, ಮಂಡಿ ಮುಚ್ಚಿರಬೇಕು. ಗುಂಪಿನ ಅರ್ಧ ಜನ ಬಾಗಿಲಲ್ಲಿ ಶಾಲು ಹುಡುಕುತ್ತಿದ್ದರೆ ಅತ್ತೆ ಸೀರೆಯಲ್ಲಿ ಸೀದಾ ಒಳಗೆ ಹೋದರು.

ಪ್ಯಾಂಥಿಯನ್ ಅನ್ನೋ ಹಳೇ ರೋಮನ್ ಗುಡಿಗೆ ಗೈಡ್ ಜೊತೆ ಒಮ್ಮೆ ಹೋಗಿ, ಸುಮ್ನೆ ಇನ್ನೊಮ್ಮೆ ಹೋಗಿ. 43 ಮೀಟರ್ ಅಗಲದ ಗುಮ್ಮಟ, ಎತ್ತರವೂ ಅಷ್ಟೇ, ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ಮೇಲೆ ಹೋದ ಹಾಗೆ ಹಗುರಾಗಲಿ ಅಂತ ತುದಿಯಲ್ಲಿ ಜ್ವಾಲಾಮುಖಿಯ ಟೊಳ್ಳು ಕಲ್ಲು ಬೆರೆಸಿದ್ದಾರೆ. ನಡುವಿನ ದೊಡ್ಡ ಕಿಂಡಿಗೆ ಗಾಜಿಲ್ಲ. ನಾವು ಎರಡನೇ ಸಲ ಹೋದಾಗ ಮಳೆ ಬಂತು. ಕಿಂಡಿಯಿಂದ ಮಳೆ ನೇರ ಒಳಗೆ ಬಿತ್ತು. ನೆಲದಲ್ಲಿ ಸಣ್ಣ ಸಣ್ಣ ತೂತು, ನೀರು ಹಾಗೇ ಇಳಿದುಹೋಗುತ್ತದೆ. ಎರಡು ಸಾವಿರ ವರ್ಷದ ಹತ್ತಿರದ ಮನೆಯಲ್ಲಿ ಇನ್ನೂ ಮೋರಿ ಕಟ್ಟಿಕೊಂಡಿಲ್ಲ ನೋಡಿ ಅಂದರು ಯಜಮಾನರು. ಅವರು ಸಿವಿಲ್ ಇಂಜಿನಿಯರ್, ಗುಮ್ಮಟಕ್ಕಿಂತ ಮೋರಿ ಮೇಲೇ ಕಣ್ಣು.

ಏಳು ದಿನದಲ್ಲಿ ಒಂದು ದಿನ ಬಿಡುವಿರುವ ಟೂರ್ ಆರಿಸಿ. ನಾವು ಆ ದಿನ ಲೋಕಲ್ ರೈಲು ಹಿಡಿದು ಓಸ್ಟಿಯಾ ಆಂಟಿಕಾಗೆ ಹೋದೆವು, ಅರ್ಧ ಗಂಟೆ ದಾರಿ. ಹಳೇ ರೋಮ್‌ನ ಬಂದರು ಪಟ್ಟಣ. ಅಲ್ಲೊಂದು ಹೋಟೆಲ್ ಹಾಗೇ ನಿಂತಿದೆ. ಅಮೃತಶಿಲೆಯ ಗಲ್ಲಾಕಟ್ಟೆ, ಬಾಗಿಲ ಹೊರಗೆ ಕಲ್ಲಿನ ಬೆಂಚು, ಒಳಗಿನ ಗೋಡೆ ಮೇಲೆ ತಿಂಡಿಯ ಬಣ್ಣದ ಚಿತ್ರ. ಪಾತ್ರೆ ತೊಳೆಯುವ ತೊಟ್ಟಿ ಕೂಡ ಇದೆ. ಟೊಮೇಟೊ, ಮೆಣಸಿನಕಾಯಿ ಎರಡೂ ಅಮೆರಿಕದಿಂದ ಇನ್ನೂ ಬಂದಿರದ ಕಾಲ. ಆದರೂ ಬೆಂಚಿನ ಮೇಲೆ ಕೂತರೆ ಈಗ ಯಾರಾದರೂ ಬಂದು 'ಏನ್ ಕೊಡ್ಲಿ' ಅಂತಾರೆ ಅನ್ನಿಸುತ್ತದೆ. ನೂರು ಜನರ ಸಾಲಿಲ್ಲ, ಧ್ವಜ ಹಿಡಿದವರಿಲ್ಲ. ಇಂಥ ಜಾಗಕ್ಕೆ ಗೈಡ್ ಇಲ್ಲದಿದ್ದರೂ ಆಗುತ್ತೆ. ಅಷ್ಟು ಹೊತ್ತಿಗೆ ಆ ಹುಡುಗಿ ನಮಗೆ ಕಲ್ಲು ನೋಡೋದು ಕಲಿಸಿಬಿಟ್ಟಿದ್ದಳು.

ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, ತಡ ಮಾಡಬೇಡಿ. ಕೊಲೋಸಿಯಂ ಟಿಕೆಟ್ ಮೇಲೆ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಬೇಕು, ಟೂರಿನವರಿಗೆ ಇನಿಷಿಯಲ್ ಬಿಡಿಸಿ ಕೊಡಿ. ಹೋಟೆಲ್‌ನಲ್ಲಿ ರಾತ್ರಿಗೆ ಇಷ್ಟು ಅಂತ ಊರಿನ ತೆರಿಗೆ ಇದೆ, ಟೂರಿನ ದುಡ್ಡಿನಲ್ಲಿ ಅದು ಸೇರಿದೆಯಾ ಕೇಳಿಕೊಳ್ಳಿ.

ಇನ್ನು ಚಟ್ನಿಪುಡಿ. ಧಾರಾಳವಾಗಿ ಒಯ್ಯಿರಿ. ಹಾಲಿನ ಸಿಹಿ, ತುಪ್ಪ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ಬಿಡಲ್ಲ. ಅತ್ತೆ ಅರ್ಧ ಕಿಲೋ ಶೇಂಗಾ ಚಟ್ನಿಪುಡಿ ತಂದಿದ್ದರು. ಅಲ್ಲಿ ಪಿಜ್ಜಾ ಬಿಯಾಂಕಾ ಅಂತ ಸಿಗುತ್ತದೆ, ಮೇಲೆ ಏನೂ ಇಲ್ಲದ ಎಣ್ಣೆ ಸವರಿದ ರೊಟ್ಟಿ, ಕತ್ತರಿಯಿಂದ ಕತ್ತರಿಸಿ ತೂಕ ಹಾಕಿ ಕೊಡುತ್ತಾರೆ. ಅದನ್ನು ಸೀಳಿ ನಡುವೆ ಚಟ್ನಿಪುಡಿ, ಮೇಲೆ ಎರಡು ಚಮಚ ಅಲ್ಲಿನ ಆಲಿವ್ ಎಣ್ಣೆ. ಐದನೇ ದಿನ ಗೈಡ್ ಹುಡುಗಿಗೂ ಒಂದು ತುಂಡು ಸಿಕ್ಕಿತು. ಕೊನೆಯ ದಿನ ಉಳಿದ ಪೊಟ್ಟಣವನ್ನು ಅವಳೇ ಕೇಳಿ ಇಸಿದುಕೊಂಡಳು.