ಅಕ್ಕಾವ್ರನ್ನ ಕೇಳ್ರಿ: ಫ್ಲೆಕ್ಸಿನ್ಯಾಗ ಹಿಡಿಲಾರದ ಆಯಿ

ಪ್ರಶ್ನೆ: ಅಕ್ಕಾವ್ರೇ ಶರಣು. ನಾವು ಈಗ ಕಲಬುರಗಿದಾಗ ಇರ್ತೀವಿ, ಮೂಲ ಆಳಂದ ತಾಲೂಕಿನ ಹಳ್ಳಿ. ನಮ್ಮ ಆಯಿ ಹೋದ ವರ್ಷ ಯಳ್ಳಮಾಸಿಗಿ ನಾಕ್ ದಿನ ಇರ್ತನಾಗ ತೀರಿಕೊಂಡ್ಳು, ಬರೋ ತಿಂಗಳ ಮೊದಲ್ನೇ ಪುಣ್ಯಸ್ಮರಣಿ ಅದ. ಮುತ್ಯಾ ಮಿಲ್ಟ್ರಿದಾಗ ಇದ್ದ, ಇಎಂಇ ಅಂತಾರಲ್ರಿ ಗಾಡಿ ರಿಪೇರಿ ಮಾಡೋರು, 1957ಕ್ಕ ಭರ್ತಿ ಆಗಿ 79ಕ್ಕ ಹವಾಲ್ದಾರ ಆಗಿ ಪೆನ್ಶನ್ ಬಂದ, ಅಂವ ಹೋಗಿನೂ 20 ವರ್ಷ ಆಯ್ತು. ಕಾಕಾ ಫ್ಲೆಕ್ಸಿನ ಡಿಸೈನ್ ವಾಟ್ಸಾಪಿಗಿ ಹಾಕ್ಯಾನ, ಮುತ್ಯಾನ ಯೂನಿಫಾರ್ಮ್ ಫೋಟೋ ಆಳೆತ್ತರ, ಬಾಜೂಕ ಆಯಿದು ಪಾಸ್‌ಪೋರ್ಟ್ ಸೈಜು, ಕೆಳಗ ‘ವೀರಯೋಧನ ಧರ್ಮಪತ್ನಿ, ತ್ಯಾಗಮಯಿ’ ಅಂತ. ನಾ ಓದಿದಕಿ ಅಂತ ನಂಗ ಐದ್ ನಿಮಿಷ ಮಾತಾಡು ಅಂದಾರ. ಬರೀಲಿಕ್ಕ ಕುಂತ್ರ ಬರೇ ಮುತ್ಯಾನ ಸುದ್ದಿನೇ ಬರ್ಲತ್ತದ, ಚೀನಾ ಲಡಾಯಿ, 65, 71. ಆಯಿ ಒಮ್ಮೆ ನನ್ನ ಮುಂದ ‘ಅಂವ ದೇಶ ಕಾಯ್ದ, ನಾ ಅವ್ರವ್ವನ್ನ ಕಾಯ್ದೆ, ಹೆಚ್ಚಿಗಿ ಕಷ್ಟದ್ದು ಯಾವುದು ನೀನೇ ಹೇಳು’ ಅಂತ ನಕ್ಕಿದ್ಳು, ಅದು ಹೇಳಿದ್ರ ಮಂದಿ ಏನಂತಾರ? ಇನ್ನೊಂದು, ಮುತ್ಯಾನ ಕರಿ ಟ್ರಂಕಿನ್ಯಾಗ ಆಯಿ ಕಳಿಸಿದ ಇನ್‌ಲ್ಯಾಂಡ್ ಪತ್ರ ಸಿಕ್ಕಾವ, ಆಯಿಗಿ ಬರಿಲಿಕ್ಕ ಬರ್ತಿದ್ದಿಲ್ಲ, ಸಾಲಿ ಮಾಸ್ತರ ಕೈಲೆ ಬರಸ್ತಿದ್ಳು. ಎಲ್ಲಾದ್ರ ಮೂಲ್ಯಾಗ ಹಳದಿ ಕಲೆ ಅದ, ಒಂದಕ್ಕ ಮಾತ್ರ ಇಲ್ಲ. ಓದಬೇಕೋ ಬ್ಯಾಡೋ?
(ಹೆಸರು ಹಾಕಬ್ಯಾಡ್ರಿ)

ಉತ್ತರ: ತಂಗೀ, ನಿನ್ನ ಪತ್ರ, ಆಮ್ಯಾಲಿನ ಮೆಸೇಜು ಎರಡ್ ಸಲ ಓದಿದೆ, ಮ್ಯಾಲ ಹಾಕಿದ್ದು ಅದರಾಗಿಂದ ಒಂದೀಟು ಅಷ್ಟೇ. ಕಾಕಾನ ಮ್ಯಾಲ ಸಿಟ್ಟಾಗಬ್ಯಾಡ, ಅವ್ರಿಗಿ ಅಪ್ಪ ಅಂದ್ರ ವರ್ಷಕ್ಕೊಮ್ಮೆ ಟ್ರಂಕ್ ಹೊತ್ಗೊಂಡು ಬರೋ ಹಬ್ಬ ಇದ್ದಂಗ, ಹಬ್ಬದ ಫೋಟೋ ದೊಡ್ಡದಾಗೇ ಇರ್ತದ. ಆಯಿ ದಿನಾ ಇದ್ದಳಲ್ಲ, ದಿನಾ ಇರೋರ್ದು ಯಾರು ಫೋಟೋ ತಗೀತಾರ.

ಖರೇ ಅಂದ್ರ ನಂಗ ಆ ‘ತ್ಯಾಗಮಯಿ’ ಶಬ್ದ ಕಂಡ್ರ ಆಗಂಗಿಲ್ಲ. ಅದೊಂದು ಬರದ್ರ ಮುಗೀತು, ಅಕಿ ಏನ್ ಮಾಡಿದ್ಳು ಅಂತ ಯಾರೂ ಕೇಳಂಗಿಲ್ಲ. ಅದಕ್ಕ ನೀ ಲೆಕ್ಕ ಹೇಳು. ಸಿಪಾಯಿಗಿ ವರ್ಷಕ್ಕ 60 ದಿನ ವಾರ್ಷಿಕ ರಜಾ. ಮದುವಿ 59ಕ್ಕ ಆಗ್ಯದ ಅಂತ ಆಮ್ಯಾಲಿನ ಮೆಸೇಜಿನ್ಯಾಗ ಬರದೀದಿ, ಅಂದ್ರ ಪೆನ್ಶನ್ ಬರೂತನ 20 ವರ್ಷ, ಎಲ್ಲಾ ರಜಾ ಸಿಕ್ಕಾವ ಅಂತ ಹಿಡದ್ರೂ 1200 ದಿನ, ಮೂರು ವರ್ಷ ಮೂರು ತಿಂಗಳು. ಅದರ ಮ್ಯಾಲ ಸಣ್ಣ ಕ್ಯಾಶುವಲ್ ಲೀವ್ ಒಂದೀಟು ಕೂಡಿಸ್ಕೊ, ರೈಲಿನ್ಯಾಗ ಹೋಗಿದ್ದು ಕಳಿ. ಲಡಾಯಿ ಬಂದಾಗ ಅದೂ ಇಲ್ಲ. ಅಕಿ ಸಿಕಂದರಾಬಾದಿನ್ಯಾಗ ಇದ್ದ ಎರಡು ವರ್ಷನೂ ಕಳದ್ರ, ಉಳಿದ 14 ವರ್ಷ ಹೊಲ ಯಾರು ನೋಡಿದ್ರು, ಪಾಲಿನವ್ರಿಗಿ ತೊಗರಿ ಯಾರು ಅಳದು ಕೊಟ್ರು, ಅತ್ತಿ ಬ್ಯಾನಿ ಬಿದ್ದಾಗ ಬಂಡಿ ಕಟ್ಟಿ ದವಾಖಾನಿಗಿ ಯಾರು ಒಯ್ದ್ರು? ಫೀಲ್ಡ್ ಪೋಸ್ಟಿಂಗಿಗಿ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗ್ಲಿಕ್ಕ ಬಿಡ್ತಿದ್ದಿಲ್ಲ, ಪೀಸ್ ಸ್ಟೇಷನ್ನಿಗಿ ಬಂದಾಗ ಕ್ವಾರ್ಟರ್ಸ್ ಖಾಲಿ ಇದ್ರ ಮಾತ್ರ. ನಿಮ್ಮ ಆಯಿಗಿ ಅದು ಸಿಕ್ಕಿದ್ದು ಒಮ್ಮೆ, ಸಿಕಂದರಾಬಾದಿನ್ಯಾಗ ಎರಡು ವರ್ಷ, ‘ಅಲ್ಲಿ ನಾ ಯಾರ ಸೊಸಿನೂ ಇದ್ದಿಲ್ಲ’ ಅಂತಿದ್ಳಂತಲ್ಲ, ನೀ ಇದನ್ನ ಪತ್ರದ ಕಡೀಕ ಸಣ್ಣ ಅಕ್ಷರದಾಗ ಬರದೀದಿ, ನಂಗ ಅದೇ ದೊಡ್ಡದು ಕಾಣಸ್ತು. ನಲ್ಲಿ ನೀರು, ಬಾಜೂಕ ಪಂಜಾಬಿ, ತಮಿಳು ಹೆಣ್ಮಕ್ಕಳು, ಹಿಂದಿ ಕಲ್ತದ್ದು, ಪರಾಠಾ ಕಲ್ತದ್ದು, ಅವ್ರಿಗಿ ಶೇಂಗಾ ಹಿಂಡಿ ತಿನ್ಸಿದ್ದು. ಐದ್ ನಿಮಿಷದಾಗ ಎರಡ್ ನಿಮಿಷ ಇದಕ್ಕೇ ಇಡು.

ಅತ್ತಿನ್ನ ಕಾಯ್ದ ಮಾತು? ಹೇಳು ಹೇಳು. ನಕ್ಕಿದ್ಳು ಅನ್ನೋದನ್ನೂ ಕೂಡ್ಸಿ ಹೇಳು. ಮಂದ್ಯಾಗ ಕುಂತ ಅರ್ಧ ಮುದುಕೇರು ಸೆರಗಿನ್ಯಾಗ ನಗ್ತಾರ ನೋಡು.

71ರದ್ದು ಹೇಳೋದಿದ್ರ ಅಕಿ ಕಡಿಂದ ಹೇಳು. ಡಿಸೆಂಬರ್ 3ಕ್ಕ ಲಡಾಯಿ ಶುರು, 16ಕ್ಕ ಢಾಕಾದಾಗ ಪಾಕಿಸ್ತಾನದ ಫೌಜು ಶರಣಾಯ್ತು, ನಮಗ ಇತಿಹಾಸದಾಗ ಅದು ಎರಡು ವಾರ. ಮನ್ಯಾಗ ಕುಂತೋರಿಗಿ ಅಷ್ಟಕ್ಕ ಮುಗೀತಿದ್ದಿಲ್ಲ. ವಿಳಾಸದಾಗ ಊರಿನ ಹೆಸರು ಇರಂಗಿಲ್ಲ, ನಂಬರು, ರ‍್ಯಾಂಕು, ಯೂನಿಟ್ಟು, ಕೇರ್ ಆಫ್ 56 ಎಪಿಓ (ಫೌಜಿನ ಟಪಾಲ್ ಆಫೀಸು), ಅಷ್ಟೇ, ಗಂಡ ಯಾವ ಊರಾಗ ಇದ್ದಾನ ಅಂತ ಪತ್ರ ನೋಡಿದ್ರ ತಿಳೀತಿದ್ದಿಲ್ಲ. ರೇಡಿಯೋ ಗೌಡ್ರ ಮನ್ಯಾಗ ಒಂದೇ. ಟಪಾಲಿನವ ಸೈಕಲ್ ಗಂಟಿ ಹೊಡದ್ರ ಮನಿಆರ್ಡರ್ ಇರಬಹುದು, ತಾರ್ ಇರಬಹುದು, ತಾರ್ ಅಂದ್ರ ಎದಿ ಒಡೀತಿತ್ತು ಮಂದಿದು. ನಮ್ಮ ಸಣ್ಣವ್ವನ ಗಂಡನೂ ಮಿಲ್ಟ್ರಿದಾಗಿದ್ದ, ಅಕಿ ಗಂಟಿ ಕೇಳಿದ ಕೂಡ್ಲೇ ಕೈಯಾಗಿನ ಹಿಟ್ಟು ತೊಳಕೊಂಡು ಬರ್ತಿದ್ಳಂತ, ಕೆಟ್ಟ ಸುದ್ದಿಗಿ ಹಿಟ್ಟಿನ ಕೈ ಚಾಚಬಾರ್ದು ಅಂತ.

ಮತ್ತ ಆ 72ರ ಬರಗಾಲ. ಅದನ್ನ ಬಿಡಬ್ಯಾಡ. ಲಡಾಯಿ ಮುಗದು ಮುತ್ಯಾ ಹುಷಾರಾಗಿ ಬಂದ್ನಪ್ಪ ಅನ್ನೋದ್ರಾಗ ಮಳಿ ಕೈ ಕೊಡ್ತು, ಈ ಭಾಗದಾಗ ಮಂದಿ ಜಲ್ಲಿ ಒಡೀಲಿಕ್ಕ ಹೋದ್ರು, ರೇಷನ್ನಿನ ಕೆಂಪು ಜೋಳ ತಿಂದ್ರು. ನಿಮ್ಮ ಮನ್ಯಾಗ 11 ಮಂದಿ, ತಿಂಗಳಾ ಬರೋದು ಒಂದೇ ಮನಿಆರ್ಡರು, ಅದನ್ನ ಆಯಿ ಬೇರೆ ಬೇರೆ ಗಂಟು ಕಟ್ಟಿ ಜೋಳದ ಗುಮ್ಮಿಯಾಗ ಮುಚ್ಚಿಡ್ತಿದ್ಳು ಅಂದೀದಿ. ಫೌಜಿಗಿ ಸಾಮಾನು ಮುಟ್ಟಿಸ್ಲಿಕ್ಕ ಒಂದು ಖಾತೇನೇ ಇರ್ತದ, ಇಲ್ಲಿ ಆ ಖಾತೆ ಪೂರಾ ಒಬ್ಬಾಕಿನೇ.

ಶಾಸ್ತ್ರೀಜಿ ಸುದ್ದಿನೂ ಹಾಕು. 1965ರಾಗ ಕಾಳಿನ ತ್ರಾಸ ಇದ್ದಾಗ ಪ್ರಧಾನಮಂತ್ರಿ ಲಾಲ್ ಬಹದ್ದೂರ್ ಶಾಸ್ತ್ರಿ ವಾರಕ್ಕೊಂದ್ ಹೊತ್ತು, ಸೋಮವಾರ ಸಂಜಿ ಊಟ ಬಿಡ್ರಿ ಅಂದಿದ್ರು. ನಿಮ್ಮ ಆಯಿ ಮೊದ್ಲೇ ಶಿವನ ಸೋಮವಾರ ಮಾಡೋಳು, ಹೆಂಗೂ ಒಪ್ಪತ್ತು ಅದ, ಶಿವಂದೂ ಆಯ್ತು ಶಾಸ್ತ್ರಿದೂ ಆಯ್ತು ಅಂತಿದ್ಳಂತ, ಇದನ್ನ ಓದಿ ನಾ ಒಬ್ಬಾಕೇ ಕುಂತು ನಕ್ಕೀನಿ.

ಈಗ ಅಕಿ ವಯಸ್ಸಿನ ಜಗಳ. ಕಾಗದಪತ್ರದಾಗ ಹುಟ್ಟಿದ್ದು 1-7-1946 ಅದ, ಆದ್ರ ಅಕಿ ‘ರಜಾಕಾರರ ಗದ್ದಲದಾಗ ನಾ ಏಳ್ ವರ್ಷದಕಿ, ಹುಮನಾಬಾದ ರೋಡಿಗಿ ಟ್ಯಾಂಕ್ ಹೋಗೋದು ಜೋಳದ ಹೊಲದಾಗ ಅಡಗಿ ನೋಡೀನಿ’ ಅಂತಿದ್ಳು, ಫ್ಲೆಕ್ಸಿನ್ಯಾಗ ಯಾವುದು ಹಾಕ್ಬೇಕು ಅಂತ ಕೇಳೀದಿ. ಅಕಿದೇ ಹಾಕು. ಸೋಲಾಪುರದಿಂದ ನಳದುರ್ಗದ ಮ್ಯಾಲಿಂದ ಭಾರತದ ಫೌಜು 1948 ಸಪ್ಟೆಂಬರ್ 13ಕ್ಕ ಹೊಂಟು ಅದೇ ಹೈದರಾಬಾದ ರೋಡ್ ಹಿಡದು ಹುಮನಾಬಾದ ದಾಟ್ಯದ, 17ಕ್ಕ ನಿಜಾಮ ಸೋತ. ಅಕಿ ಹೇಳಿದ್ದು ಬರಾಬರಿ. ಕಾಗದದ ಪ್ರಕಾರ ಅಕಿಗಿ ಆಗ ಎರಡು ವರ್ಷ, ಎರಡು ವರ್ಷದ ಕೂಸಿಗಿ ಟ್ಯಾಂಕ್ ನೆನಪಿರ್ತಾವೇನು? ಯಾರೋ ಕಾರಕೂನ ಅಂದಾಜಿಗಿ ಜುಲೈ ಒಂದು ಬರದಾನ. ಫ್ಯಾಮಿಲಿ ಪೆನ್ಶನ್ನಿನ್ಯಾಗ 80 ತುಂಬಿದ್ರ 20 ಪರ್ಸೆಂಟ್ ಹೆಚ್ಚಿಗಿ ಬರ್ತದ, ಅಕಿಗಿ 2021ಕ್ಕೇ ಬರಬೇಕಿತ್ತು, ಕಾಗದದಾಗ 80 ಆಗೋದು 2026ಕ್ಕ. ತಗೊಳ್ಳದೇ ಹೋದ್ಳು. ಪೆನ್ಶನ್ ಪುಸ್ತಕದಾಗ ‘ವೈಫ್ ಆಫ್’ ಅನ್ನೋದೊಂದು ಮಾತ್ರ ತಪ್ಪಿಲ್ದೇ ಬರದಾರ ಅಂತ ಕಾಣ್ತದ.

ಪತ್ರ ಓದು. ಮಾಸ್ತರ ಓದಿ ಬರದಾರ, ಊರ ಅರ್ಧ ಮಂದಿಗಿ ಗೊತ್ತಿದ್ದದ್ದೇ ಅದ್ರಾಗ ಇರ್ತದ, ‘ಎಲ್ಲರೂ ಕ್ಷೇಮ, ಎಮ್ಮಿ ಈದದ’. ಮಾಸ್ತರ ಮುಂದ ಹೇಳ್ಲಿಕ್ಕ ಬರಲಾರದ್ದು ನೀ ಹಳದಿ ಕಲೆ ಅಂದ್ಯಲ್ಲ, ಆ ಅರಿಶಿಣದ ಬೊಟ್ಟಿನ್ಯಾಗ ಅದ, ಅದನ್ನ ಅಕಿ ಒಬ್ಬಾಕಿನೇ ಹಚ್ಚ್ಯಾಳ. ಬೊಟ್ಟಿಲ್ಲದ ಪತ್ರದ ಮ್ಯಾಲ 66ರ ಶ್ರಾವಣದ ತಾರೀಖು ಅದ ಅಂದೀದಿ, ನಿಮ್ಮ ಮನ್ಯಾಗ ಕೂಸು ತೀರಿಕೊಂಡ ವರ್ಷನೂ ಅದೇ ಅಂದೀದಿ. ಅದನ್ನ ಮೈಕಿನ್ಯಾಗ ತರಬ್ಯಾಡ. ಕಾಕಾಗ ಒಂದಿನ ಒಬ್ಬವಗೇ ಕೂಡ್ಸಿ ಕೈಯಾಗ ಕೊಡು, ಏನೂ ಹೇಳಬ್ಯಾಡ, ಫ್ಲೆಕ್ಸಿನ ಸೈಜು ಅಂವನೇ ಬದಲಿ ಮಾಡಿದ್ರ ಮಾಡ್ತಾನ.

ಪ್ರಶ್ನೆ: ಮೇಡಂ, ನಮ್ಮ ಅಜ್ಜಿನೂ ಸೈನಿಕನ ಹೆಂಡ್ತಿನೇ, ಇನ್ನಾ ಗಟ್ಟಿ ಅದಾಳ, 80 ದಾಟ್ಯದ, ಪಿಪಿಓದಾಗ (ಪೆನ್ಶನ್ ಮಂಜೂರಿ ಕಾಗದ) ಹುಟ್ಟಿದ ತಾರೀಖೇ ಇಲ್ಲ. ಏನ್ ಮಾಡ್ಬೇಕು?
(ಒಬ್ಬ ಓದುಗ, ಯಾದಗಿರಿ)

ಉತ್ತರ: ಇವತ್ತೇ ಏಳ್ರಿ, ಮ್ಯಾಲಿನ ತಂಗಿ ಪತ್ರ ಓದಿದ್ರಲ್ಲ. ಮೊದಲು ಆಧಾರ್, ವೋಟರ್ ಕಾರ್ಡ್, ಪ್ಯಾನ್ ಮೂರರಾಗೂ ತಾರೀಖು ಒಂದೇ ಅದನೋ ನೋಡ್ರಿ, ಬ್ಯಾರೆ ಬ್ಯಾರೆ ಇದ್ರ ಅದೇ ದೊಡ್ಡ ಫಜೀತಿ, ಅದನ್ನ ಸರಿ ಮಾಡ್ಸಿ ಮುಂದಿನ ಮಾತು. ಆಮ್ಯಾಲ ಪಿಪಿಓ, ಅಜ್ಜನ ಡಿಸ್ಚಾರ್ಜ್ ಬುಕ್ಕು ಹಿಡ್ಕೊಂಡು ಸೈನಿಕ ಕಲ್ಯಾಣ ಆಫೀಸಿಗಿ ಹೋಗ್ರಿ, ಫೌಜಿನ ರೆಕಾರ್ಡ್ಸ್ ಆಫೀಸಿಗಿ ಅರ್ಜಿ ಹೆಂಗ ಅಂತ ಅವ್ರು ಹೇಳ್ತಾರ, ಪೆನ್ಶನ್ ಸ್ಪರ್ಶ್‌ಗೆ (ಮಿಲ್ಟ್ರಿ ಪೆನ್ಶನ್ನಿನ ಆನ್‌ಲೈನ್ ವ್ಯವಸ್ಥಾ) ಬದಲಿ ಆಗಿದ್ರ ಅದರಾಗಿನ ಮಾಹಿತಿನೂ ನೋಡಿಸ್ಕೊರಿ. 80ಕ್ಕ 20 ಪರ್ಸೆಂಟ್, 85ಕ್ಕ 30, 90ಕ್ಕ 40, 95ಕ್ಕ 50, ನೂರು ಮುಟ್ಟಿದ್ರ ಪೂರಾ ಡಬಲ್. ಲೈಫ್ ಸರ್ಟಿಫಿಕೇಟಿಗಿ ಅಕಿನ್ನ ಬ್ಯಾಂಕಿನ ಸಾಲಿನ್ಯಾಗ ನಿಂದರಿಸಬ್ಯಾಡ್ರಿ, ಈಗ ಫೋನಿನ್ಯಾಗ ಮಾರಿ ತೋರ್ಸಿ ಮನ್ಯಾಗೇ ಮಾಡ್ಲಿಕ್ಕ ಬರ್ತದ, ಕಣ್ಣ ಮುಚ್ಚಿ ತಗಿ ಅಂತದ ಅದು, ‘ಇನ್ನಾ ಸತ್ತಿಲ್ಲೋ ಭಾಡ್ಯಾ’ ಅಂತ ಅಜ್ಜಿ ಬೈದ್ರ ಬೈಸ್ಕೊರಿ.