ಪಾಳಿ ಹಿಂದಕ್ಕೆ ಸರಿಯುವುದೇಕೆ? ಸ್ಟೇಷನ್ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕೊಂಕಣ ರೈಲು ನಿಲ್ದಾಣಗಳಲ್ಲಿ ಸಿಗ್ನಲ್ ಕೆಲಸ ಮಾಡುವವರು, ಅವರ ಮನೆಯವರು ಮತ್ತು ಪ್ರಯಾಣಿಕರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ನಮ್ಮ ಯಜಮಾನರು ಸ್ಟೇಷನ್ ಮಾಸ್ತರ್. ಒಂದು ವಾರ ರಾತ್ರಿ, ಮುಂದಿನ ವಾರ ಮಧ್ಯಾಹ್ನ, ಆಮೇಲೆ ಬೆಳಗಿನ ಪಾಳಿ. ಹೀಗೆ ಹಿಂದಕ್ಕೆ ತಿರುಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಹೋದರೆ ದೇಹಕ್ಕೆ ಒಳ್ಳೆಯದು ಎಂದು ಓದಿದ್ದೇನೆ. ಬದಲಿಸಿ ಎಂದು ಅರ್ಜಿ ಕೊಡಬಹುದೇ?
*ಓದುಗರು, ಕುಮಟಾ*

ನೀವು ಓದಿದ್ದು ಸರಿ, ಮುಂದಕ್ಕೆ ಸರಿಯುವ ಪಾಳಿಗೆ ನಿದ್ದೆ ಬೇಗ ಹೊಂದಿಕೊಳ್ಳುತ್ತದೆ. ಆದರೆ ವಾರಕ್ಕೆ ಒಂದೇ ರಜೆ ಇರುವಲ್ಲಿ ಲೆಕ್ಕ ಕೂಡಿಬರುವುದಿಲ್ಲ. 1989ರ ರೈಲ್ವೆ ಕಾಯ್ದೆಯ ಪ್ರಕಾರ ‘ಕಂಟಿನ್ಯುಯಸ್’ (ಇಲ್ಲಿನಂತೆ 8 ಗಂಟೆ ಪಾಳಿಯ) ವರ್ಗದ ನೌಕರರಿಗೆ ವಾರಕ್ಕೊಮ್ಮೆ ಸತತ 30 ಗಂಟೆ ಬಿಡುವು ಸಿಗಲೇಬೇಕು. ಪಾಳಿ 6ರಿಂದ 14, 14ರಿಂದ 22, 22ರಿಂದ 6. ರಜೆ ಸೋಮವಾರ ಎಂದಿಟ್ಟುಕೊಳ್ಳಿ. ಮುಂದಕ್ಕೆ ತಿರುಗಿಸಿದರೆ ರವಿವಾರದ ರಾತ್ರಿಪಾಳಿ ಮುಗಿಯುವುದು ಸೋಮವಾರ ಬೆಳಿಗ್ಗೆ 6ಕ್ಕೆ. ಮಂಗಳವಾರ ಬೆಳಿಗ್ಗೆ 6ಕ್ಕೇ ಮತ್ತೆ ಹಾಜರಿ. ಸಿಕ್ಕಿದ್ದು 24 ಗಂಟೆ, ಅಂದರೆ ಕಾಯ್ದೆ ಮುರಿದಂತಾಯಿತು. ಹಿಂದಕ್ಕೆ ತಿರುಗಿಸಿದರೆ ರಾತ್ರಿಯಿಂದ ಮಧ್ಯಾಹ್ನಕ್ಕೆ 32 ಗಂಟೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ 32 ಗಂಟೆ, ಬೆಳಿಗ್ಗೆಯಿಂದ ರಾತ್ರಿಗೆ 56 ಗಂಟೆ ಸಿಗುತ್ತದೆ.

ಇನ್ನೊಂದು ಕಾರಣವೂ ಇದೆ. ಮೂರು ಪಾಳಿಯ ನಿಲ್ದಾಣದಲ್ಲಿ ವಾರಕ್ಕೆ 21 ಪಾಳಿ. ಮೂವರು ಮಾಸ್ತರರು ಆರಾರರಂತೆ 18 ಮಾಡಿದರೆ ಮೂರು ಉಳಿಯುತ್ತವೆ. ಆ ಮೂರನ್ನು ಮಾಡುವವರು ರೆಸ್ಟ್ ಗಿವರ್. ಪಕ್ಕದ ನಿಲ್ದಾಣದ ಮೂರನ್ನೂ ಸೇರಿಸಿದರೆ ಅವರಿಗೆ ಆರು ದಿನದ ಕೆಲಸ, ಒಂದು ದಿನ ರಜೆ. ಮೂವರ ರಜೆಯನ್ನು ಸೋಮ, ಮಂಗಳ, ಬುಧ ಎಂದು ಬೆನ್ನಿಗೆ ಬೆನ್ನು ಇಟ್ಟು ಪಾಳಿಯನ್ನು ಹಿಂದಕ್ಕೆ ತಿರುಗಿಸಿ ನೋಡಿ: ಸೋಮವಾರ ರಾತ್ರಿಪಾಳಿಯವರಿಗೆ, ಮಂಗಳವಾರ ಮಧ್ಯಾಹ್ನದವರಿಗೆ, ಬುಧವಾರ ಬೆಳಗಿನವರಿಗೆ ರಜೆ ಬಂದರೆ, ಖಾಲಿ ಬೀಳುವುದು ಮೂರು ದಿನವೂ ರಾತ್ರಿಪಾಳಿಯೇ. ರೆಸ್ಟ್ ಗಿವರ್ ದಿನಕ್ಕೊಂದು ಹೊತ್ತಿಗೆ ಅಲೆಯಬೇಕಾಗಿಲ್ಲ. ಕಾಗದ ಪೆನ್ನು ಹಿಡಿದು ಬರೆದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಹಾಗಾಗಿ ಪಾಳಿ ತಿರುಗಿಸಿ ಎಂದು ಅರ್ಜಿ ಕೊಡುವುದಕ್ಕಿಂತ ರೆಸ್ಟ್ ಗಿವರ್ ಹುದ್ದೆ ಖಾಲಿ ಬಿಡಬೇಡಿ ಎಂದು ಕೇಳುವುದು ಮೇಲು. ಆ ಒಬ್ಬರಿಲ್ಲದಿದ್ದರೆ ರಜೆಯ ದಿನಗಳಲ್ಲಿ ಉಳಿದಿಬ್ಬರು 12 ಗಂಟೆ ಕೂರಬೇಕಾಗುತ್ತದೆ. ಅಂಥ ದಿನಗಳ ಬಂದ ಹೊತ್ತು, ಬಿಟ್ಟ ಹೊತ್ತನ್ನು ಸ್ವಂತ ಡೈರಿಯಲ್ಲಿ ಬರೆದಿಡಲಿ. ಈ ವರ್ಗಕ್ಕೆ ಕಾಯ್ದೆಯ ಮಿತಿ ಎರಡು ವಾರದ ಸರಾಸರಿಯಲ್ಲಿ ವಾರಕ್ಕೆ 54 ಗಂಟೆ. ಎರಡು ವಾರಕ್ಕೆ 108 ಗಂಟೆ ದಾಟಿದ ಕೆಲಸಕ್ಕೆ ದುಪ್ಪಟ್ಟು ದರ.

ಮನೆಯಲ್ಲಿ ಕಷ್ಟ ಕೊಡುವುದು ಆ 56 ಗಂಟೆಯ ಬಿಡುವಿನ ನಂತರದ ಮೊದಲ ರಾತ್ರಿ. ಅಷ್ಟರಲ್ಲಿ ದೇಹ ಹಗಲಿನ ಲಯಕ್ಕೆ ಮರಳಿರುತ್ತದೆ. ಅಂದು ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ಎರಡು ಗಂಟೆ ಮಲಗಲೇಬೇಕು. ಆ ಹೊತ್ತಿಗೆ ಬ್ಯಾಂಕು, ಸೊಸೈಟಿ, ನೆಂಟರ ಮನೆ ಇಟ್ಟುಕೊಳ್ಳಬೇಡಿ. ಕೊನೆಯ ರಾತ್ರಿ ಮುಗಿಸಿ ಬಂದ ದಿನ ಇದಕ್ಕೆ ತದ್ವಿರುದ್ಧ: ಹನ್ನೊಂದು ಹನ್ನೆರಡಕ್ಕೆ ಎಬ್ಬಿಸಿಬಿಡಿ, ರಾತ್ರಿ ಸರಿಯಾಗಿ ನಿದ್ದೆ ಬರುತ್ತದೆ. ಡ್ಯೂಟಿಗೆ ಹೋಗುವ ಮುನ್ನ ಗಂಜಿ, ಪಲ್ಯದಂಥ ಹಗುರ ಊಟ ಸಾಕು. ನಸುಕಿನ ಮೂರರಿಂದ ಐದು ಅತಿ ತೂಕಡಿಕೆಯ ಹೊತ್ತು. ಚಹಾ ಅದಕ್ಕೆ ಸ್ವಲ್ಪ ಮೊದಲು ಕುಡಿಯಲಿ. ಐದಕ್ಕೆ ಕುಡಿದ ಚಹಾ ಮನೆಗೆ ಬಂದ ಮೇಲಿನ ನಿದ್ದೆಯನ್ನು ಕೆಡಿಸುತ್ತದೆ.

ನನ್ನ ನಿಲ್ದಾಣದಲ್ಲಿ 8 ಗಂಟೆ ಪಾಳಿ, ನನ್ನ ಭಾವನಿಗೆ ಬೇರೆ ಕಡೆ 12 ಗಂಟೆ. ಒಂದೇ ಕೆಲಸಕ್ಕೆ ಎರಡು ನ್ಯಾಯವೇ?
*ಓದುಗರು, ಕಾರವಾರ*

ವರ್ಗ ಬೇರೆ. 12 ಗಂಟೆಯಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸವಿಲ್ಲದೆ ಕಳೆಯುವಂತಿದ್ದು, ಅದರಲ್ಲಿ ಒಂದು ಗಂಟೆಯ ಒಂದು ಬಿಡುವೋ ಅರ್ಧ ಗಂಟೆಯ ಎರಡು ಬಿಡುವೋ ಇದ್ದರೆ ಅದು ‘ಎಸೆನ್ಷಿಯಲಿ ಇಂಟರ್‌ಮಿಟೆಂಟ್’. ಬಿಡುವೇ ಇಲ್ಲದೆ ಸತತ ಗಮನ ಬೇಡುವ ಕೆಲಸ ‘ಇಂಟೆನ್ಸಿವ್’, ಅದಕ್ಕೆ 6 ಗಂಟೆಯ ಪಾಳಿ. ರೈಲುಗಳ ಸಂಖ್ಯೆ ಹೆಚ್ಚಿದ್ದರೆ ಕೆಲಸದ ಮರುಪರಿಶೀಲನೆಗೆ ಕೇಳುವ ಹಕ್ಕು ಭಾವನಿಗಿದೆ. ಟ್ರೈನ್ ಸಿಗ್ನಲ್ ರಿಜಿಸ್ಟರಿನಲ್ಲಿ ನಿಮಿಷ ನಿಮಿಷದ ದಾಖಲೆ ಇರುವುದರಿಂದ ಬೇರೆ ಸಾಕ್ಷಿ ಬೇಕಾಗಿಲ್ಲ.

ಹೊಸದಾಗಿ ಸೇರಿದ್ದೇನೆ. ಚಾರ್ಜ್ ತೆಗೆದುಕೊಳ್ಳುವಾಗ ಏನೇನು ನೋಡಬೇಕು? ಹಿಂದಿನವರು ಅವಸರ ಮಾಡುತ್ತಾರೆ.
*ಓದುಗರು, ಭಟ್ಕಳ*

ಹತ್ತು ಹದಿನೈದು ನಿಮಿಷ ಮುಂಚೆ ಹೋಗಿ, ಅವಸರದ ಪ್ರಶ್ನೆಯೇ ಬರುವುದಿಲ್ಲ. ಸಹಿ ಕೊನೆಗೆ.

ಮೊದಲು ಹಳಿ. ಯಾವ ಲೈನಿನಲ್ಲಿ ಏನಿದೆ ಎಂದು ಪ್ಯಾನೆಲ್ (ಹಳಿ, ಸಿಗ್ನಲ್‌ಗಳ ಸ್ಥಿತಿ ತೋರಿಸುವ ಫಲಕ) ನೋಡಿದ್ದು ಸಾಲದು, ಹೊರಗೆ ಬಂದು ಕಣ್ಣಾರೆ ನೋಡಿ. ಲೂಪಿನಲ್ಲಿ (ಮುಖ್ಯ ಹಳಿಯ ಪಕ್ಕದ ಹಳಿಯಲ್ಲಿ) ವ್ಯಾಗನ್ ನಿಂತಿದ್ದರೆ ಚೈನು, ಬೀಗ, ಸ್ಕಿಡ್ ಹಾಕಿದೆಯೇ ಎಂದು ಪಾಯಿಂಟ್ಸ್‌ಮನ್ ಜೊತೆ ಖಚಿತಪಡಿಸಿಕೊಳ್ಳಿ. ಆಮೇಲೆ, ಪಕ್ಕದ ನಿಲ್ದಾಣದೊಂದಿಗೆ ರೈಲು ಬಿಡುವ ಒಪ್ಪಿಗೆ ಪಡೆಯುವ ಎರಡೂ ಕಡೆಯ ಬ್ಲಾಕ್ ಇನ್‌ಸ್ಟ್ರುಮೆಂಟ್ ತೋರಿಸುತ್ತಿರುವ ಸ್ಥಿತಿ ರಿಜಿಸ್ಟರಿನ ಕೊನೆಯ ಸಾಲಿಗೆ ತಾಳೆಯಾಗಬೇಕು. ನಮ್ಮದು ಬಹುಪಾಲು ಒಂಟಿ ಹಳಿ. ಎದುರಿನ ನಿಲ್ದಾಣಕ್ಕೆ ಲೈನ್ ಕ್ಲಿಯರ್ (ರೈಲು ಕಳಿಸಲು ಒಪ್ಪಿಗೆ) ಕೊಟ್ಟಾಗಿದೆಯೋ ಇಲ್ಲವೋ ಎಂಬುದರಲ್ಲಿ ಎಳ್ಳಷ್ಟೂ ಸಂಶಯ ಉಳಿಯಬಾರದು.

ಮುಂದೆ ಕೌಂಟರುಗಳು. ಕಾಲಿಂಗ್-ಆನ್ (ನಿಂತ ರೈಲನ್ನು ನಿಧಾನ ಒಳಗೆ ಕರೆಯುವ ಸಿಗ್ನಲ್), ಎಮರ್ಜೆನ್ಸಿ ರೂಟ್ ಬಿಡುಗಡೆ ಇತ್ಯಾದಿ ತುರ್ತು ಗುಂಡಿಗಳನ್ನು ಒತ್ತಿದಾಗಲೆಲ್ಲ ಅಂಕಿ ಒಂದು ಏರುತ್ತದೆ. ಪುಸ್ತಕದಲ್ಲಿ 412 ಇದ್ದು ಪ್ಯಾನೆಲ್ಲಿನಲ್ಲಿ 413 ಕಂಡರೆ ಯಾರೋ ಒತ್ತಿ ಬರೆದಿಲ್ಲ ಎಂದರ್ಥ. ಕಾರಣ ಬರೆಸಿಕೊಳ್ಳದೆ ಚಾರ್ಜ್ ತೆಗೆದುಕೊಂಡರೆ ಆ ಒಂದು ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಬೀಗದ ಕೈಗಳಲ್ಲಿ ಕ್ರಾಂಕ್ ಹ್ಯಾಂಡಲ್ (ಪಾಯಿಂಟನ್ನು, ಅಂದರೆ ರೈಲು ಹಳಿ ಬದಲಿಸುವ ಜಾಗವನ್ನು, ಕೈಯಿಂದ ತಿರುಗಿಸುವ ಹಿಡಿಕೆ) ಮತ್ತು ರಿಲೇ ಕೋಣೆಯದು ಮುಖ್ಯ. ರಿಲೇ ಕೋಣೆಗೆ ಎರಡು ಬೀಗ, ಒಂದರ ಕೈ ನಿಮ್ಮಲ್ಲಿ, ಇನ್ನೊಂದರದು ಸಿಗ್ನಲ್ ಮೇಂಟೇನರ್ ಹತ್ತಿರ. ಪ್ರೈವೇಟ್ ನಂಬರ್ (ಫೋನಿನಲ್ಲಿ ಕೊಟ್ಟ ಮಾತನ್ನು ಖಚಿತಪಡಿಸುವ ಗುಟ್ಟಿನ ಸಂಖ್ಯೆ) ಹಾಳೆಯಲ್ಲಿ ಎಷ್ಟು ಉಳಿದಿವೆ ನೋಡಿ. ಬಳಸಿದ ಪ್ರತಿ ಎರಡಂಕಿಯ ಸಂಖ್ಯೆಯನ್ನೂ ಹೊಡೆದು, ಪಕ್ಕದಲ್ಲಿ ರೈಲಿನ ಸಂಖ್ಯೆ ಮತ್ತು ಸಮಯ ಬರೆದಿರಬೇಕು. ಜಾರಿಯಲ್ಲಿರುವ ಕಾಶನ್ ಆರ್ಡರುಗಳನ್ನು (ವೇಗ ಮಿತಿಯಂಥ ಎಚ್ಚರಿಕೆಯ ಸೂಚನೆ) ಕಿಲೋಮೀಟರ್ ಸಮೇತ ಓದಿ.

ಹೆಚ್ಚಿನವರು ತಪ್ಪುವುದು ಟಿ-351ರಲ್ಲಿ, ಅಂದರೆ ಸಿಗ್ನಲ್ ಸಲಕರಣೆ ಬಿಚ್ಚುವ, ಮರುಜೋಡಿಸುವ ಚೀಟಿಯಲ್ಲಿ. ಮೇಂಟೇನರ್ ಒಂದು ಪಾಯಿಂಟನ್ನು ಡಿಸ್ಕನೆಕ್ಟ್ ಮಾಡಿ ಚೀಟಿ ಕೊಟ್ಟಿರುತ್ತಾರೆ, ರಿಕನೆಕ್ಷನ್ ಬರುವ ಮೊದಲೇ ಪಾಳಿ ಬದಲಾಗುತ್ತದೆ. ‘ಆಯ್ತಂತೆ’ ಎಂಬ ಬಾಯಿಮಾತನ್ನು ಒಪ್ಪಬೇಡಿ. ಮರುಜೋಡಣೆಯ ಚೀಟಿಗೆ ಸಹಿ ಬಿದ್ದು, ನೀವೇ ಪ್ಯಾನೆಲ್ಲಿನಿಂದ ಆ ಪಾಯಿಂಟನ್ನು ಆಚೆ ಈಚೆ ಓಡಿಸಿ ನೋಡುವವರೆಗೂ ಅದು ಕೆಟ್ಟ ಪಾಯಿಂಟೇ.

ಮಳೆಗಾಲದಲ್ಲಿ ನಮ್ಮ ರೈಲು ನಿಲ್ದಾಣದ ಹೊರಗೆ ಅರ್ಧ ಗಂಟೆ ನಿಂತಿತು. ಒಳಗೆ ಯಾವ ರೈಲೂ ಇರಲಿಲ್ಲ. ಕೆಲಸದವರು ನಿದ್ದೆ ಹೋಗಿದ್ದರೇ?
*ಓದುಗರು, ಅಂಕೋಲಾ*

ಆ ಅರ್ಧ ಗಂಟೆ ಅವರು ಮಳೆಯಲ್ಲಿ ನೆನೆಯುತ್ತಿದ್ದಿರಬಹುದು. ಪಾಯಿಂಟಿನ ನಾಲಿಗೆ ಹಳಿ ಮತ್ತು ಪಕ್ಕದ ಹಳಿಯ ನಡುವೆ 5 ಮಿಲಿಮೀಟರಿನಷ್ಟು ದಪ್ಪದ ಜಲ್ಲಿ ಚೂರು ಸಿಕ್ಕಿದರೂ ಪಾಯಿಂಟ್ ಲಾಕ್ ಆಗಬಾರದು, ಸಿಗ್ನಲ್ ಹಸಿರಾಗಬಾರದು. ಹಾಗೆಂದೇ ಅದನ್ನು ಪರೀಕ್ಷಿಸಿಡುತ್ತಾರೆ. ಮಳೆನೀರು ಜಲ್ಲಿ, ಮಣ್ಣು ಕೊಚ್ಚಿ ತರುತ್ತದೆ, ಸಿಡಿಲು ಆಕ್ಸಲ್ ಕೌಂಟರನ್ನು (ಗಾಲಿ ಎಣಿಸಿ ಹಳಿ ಖಾಲಿಯೇ ಎಂದು ತಿಳಿಸುವ ಯಂತ್ರ) ಕೆಡಿಸುತ್ತದೆ, ಉಪ್ಪುಗಾಳಿ ತಂತಿಯ ಜೋಡಣೆಗಳನ್ನು ತಿನ್ನುತ್ತದೆ. ಏನೇ ಕೆಟ್ಟರೂ ಸಿಗ್ನಲ್ ಕೆಂಪಿಗೇ ನಿಲ್ಲುವಂತೆ ಇಡೀ ವ್ಯವಸ್ಥೆಯನ್ನು ಕಟ್ಟಿದ್ದಾರೆ.

ಪಾಯಿಂಟ್ ಸರಿಯಿದ್ದು ಹಳಿಯ ಮೇಲೆ ರೈಲಿದೆಯೇ ಎಂದು ತಿಳಿಸುವ ಸರ್ಕ್ಯೂಟ್ ಮಾತ್ರ ಕೆಟ್ಟಿದ್ದರೆ, ರೈಲು ನಿಂತ ಮೇಲೆ ನಿಲ್ದಾಣದ ಪ್ರವೇಶದ ಹೋಮ್ ಸಿಗ್ನಲ್ ಕೆಳಗಿನ ‘ಸಿ’ ಗುರುತಿನ ಪುಟ್ಟ ಹಳದಿ ದೀಪ ಹೊತ್ತಿಸಿ ನಿಧಾನ ಒಳಗೆ ಕರೆಯಬಹುದು. ಪಾಯಿಂಟೇ ಕೆಟ್ಟರೆ ಕೆಲಸ ಉದ್ದ. ಮಾಸ್ತರರು ಒಂದೆರಡು ಸಲ ಓಡಿಸಿ ನೋಡಿ, ದೋಷವನ್ನು ಸಮಯ ಸಮೇತ ಬರೆದು, ಮೇಂಟೇನರ್‌ಗೂ ಕಂಟ್ರೋಲ್‌ಗೂ ತಿಳಿಸುತ್ತಾರೆ. ಕ್ರಾಂಕ್ ಹ್ಯಾಂಡಲ್ ಹೊರತೆಗೆದೊಡನೆ ಆ ದಾರಿಯ ಸಿಗ್ನಲ್‌ಗಳು ಹಸಿರಾಗುವುದಿಲ್ಲ. ಪಾಯಿಂಟಿನವರೆಗೆ ನಡೆದು ಹೋಗಿ ಚೂರು ತೆಗೆದು, ಕೈಯಿಂದ ತಿರುಗಿಸಿ ಕೂರಿಸಿ, ಕ್ಲಾಂಪ್ ಹಾಕಿ ಬೀಗ ಜಡಿದು ಬೀಗದ ಕೈ ಮಾಸ್ತರರಿಗೆ ತಲುಪಬೇಕು. ಆಮೇಲೆ ಕೆಂಪು ಸಿಗ್ನಲ್ ದಾಟಲು ಅನುಮತಿ ಕೊಡುವ ಟಿ-369 (3ಬಿ) ಚೀಟಿ ಬರೆದು ಪಾಯಿಂಟ್ಸ್‌ಮನ್ ಅದನ್ನು ಸಿಗ್ನಲ್ ಬುಡದಲ್ಲಿ ನಿಂತ ಲೋಕೋ ಪೈಲಟ್ ಕೈಗೆ ಕೊಡಬೇಕು. ಅಲ್ಲಿಂದ ಒಳಗೆ 15 ಕಿಲೋಮೀಟರ್ ವೇಗ. ಇಷ್ಟಕ್ಕೆ ಅರ್ಧ ಗಂಟೆ ಹೆಚ್ಚೇನಲ್ಲ.

ಹೊನ್ನಾವರ ಸೇತುವೆ ಮೇಲೆ ಗಾಳಿ ಜೋರಾದರೆ ಯಾರಿಗೆ ತಿಳಿಯುತ್ತದೆ?
*ಓದುಗರು, ಮಂಕಿ*

ಕೊಂಕಣ ರೈಲಿನ ಅತಿ ಉದ್ದದ ಆ ಶರಾವತಿ ಸೇತುವೆಗೆ ಗಾಳಿಯ ವೇಗ ಅಳೆಯುವ ಯಂತ್ರ ಇದೆ. ಮಾಂಡೋವಿ, ಜುವಾರಿ ಸೇತುವೆಗಳಿಗೂ ರತ್ನಾಗಿರಿ ಹತ್ತಿರದ ಪಾನವಲ್ ಸೇತುವೆಗೂ ಇಂಥದ್ದೇ ಹಾಕಿದ್ದಾರೆ. ಭಾರಿ ಮಳೆಯಲ್ಲಿ ದಾರಿ ಕಾಣದಿದ್ದರೆ ವೇಗವನ್ನು 40 ಕಿಲೋಮೀಟರಿಗೆ ಇಳಿಸುವ ಸೂಚನೆ ಲೋಕೋ ಪೈಲಟ್‌ಗಳಿಗಿದೆ.

ಮಗಳು ಪದವಿ ಮುಗಿಸಿದ್ದಾಳೆ, ಸ್ಟೇಷನ್ ಮಾಸ್ಟರ್ ಆಗಬೇಕೆಂಬ ಆಸೆ. ಕನ್ನಡಕ ಇದೆ. ನಮ್ಮ ಶಿರಸಿಯಲ್ಲಿ ರೈಲೇ ಇಲ್ಲ, ಕೇಳಲು ಯಾರೂ ಇಲ್ಲ.
*ಓದುಗರು, ಶಿರಸಿ*

ಯಾವ ಪದವಿಯಾದರೂ ನಡೆಯುತ್ತದೆ. ರೈಲ್ವೆ ನೇಮಕಾತಿ ಮಂಡಳಿಯ ಎನ್‌ಟಿಪಿಸಿ (ತಾಂತ್ರಿಕೇತರ ಹುದ್ದೆಗಳ) ಪರೀಕ್ಷೆ ಎರಡು ಹಂತ, ಅದರ ಮೇಲೆ ಈ ಹುದ್ದೆಗೆ ಕಂಪ್ಯೂಟರ್ ಆಪ್ಟಿಟ್ಯೂಡ್ ಪರೀಕ್ಷೆ. ಅದರ ಪ್ರತಿ ಭಾಗದಲ್ಲೂ ಕನಿಷ್ಠ 42 ಟಿ-ಸ್ಕೋರ್ ಬೇಕು, ಯಾರಿಗೂ ರಿಯಾಯಿತಿ ಇಲ್ಲ. ಕೊಂಕಣ ರೈಲ್ವೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ. ಅಲ್ಲಿ ಯೋಜನೆಗೆ ಜಮೀನು ಕಳೆದುಕೊಂಡ ಕುಟುಂಬದವರಿಗೆ ಆದ್ಯತೆ.

ಅಡ್ಡಿಯಾಗುವುದು ಕಣ್ಣು. ಈ ಹುದ್ದೆಗೆ ಎ-2 ವೈದ್ಯಕೀಯ ದರ್ಜೆ: ಕನ್ನಡಕವಿಲ್ಲದೆ ಎರಡೂ ಕಣ್ಣಿಗೆ ದೂರದೃಷ್ಟಿ 6/9 ಇರಬೇಕು. ಹತ್ತಿರದ ದೃಷ್ಟಿಯೂ ಕನ್ನಡಕವಿಲ್ಲದೆ ಸ್ನೆಲೆನ್ ಅಳತೆಯಲ್ಲಿ 0.6 ಇರಬೇಕು. ಬಣ್ಣ ಗುರುತಿಸುವುದು, ಇರುಳು ದೃಷ್ಟಿ ಕೂಡ ಪರೀಕ್ಷಿಸುತ್ತಾರೆ. ಲೇಸಿಕ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಕೆಲಸಕ್ಕೋಸ್ಕರ ಅದನ್ನು ಮಾಡಿಸಲು ಹೋಗಬೇಡಿ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಈ ಅಳತೆಗಳನ್ನೇ ಹೇಳಿ ನೋಡಿಸಿ. ದೃಷ್ಟಿ ಸಾಲದಿದ್ದರೆ ಅದೇ ಪರೀಕ್ಷೆಯಲ್ಲಿ ಕಣ್ಣಿನ ಷರತ್ತು ಇಷ್ಟು ಬಿಗಿಯಿಲ್ಲದ ಕ್ಲರ್ಕ್ ಹುದ್ದೆಗಳೂ ಇವೆ, ಆಯ್ಕೆಯ ಕ್ರಮದಲ್ಲಿ ಅವನ್ನು ಮೇಲೆ ಹಾಕಲಿ.